ಅಮೆರಿಕದ ಬೇಸ್‌ಬಾಲ್ ಆಟಗಾರ ನೋಲನ್ ರಯಾನ್ 292 ಪಂದ್ಯ ಸೋತಿದ್ದಾರೆ. ಆದರೂ ಅವರನ್ನು ದೊಡ್ಡ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಅನ್ನುವುದು ಯಾಕೆ?

324 ಗೆಲುವು, 292 ಸೋಲು ಅಂತ ಮಾತ್ರ ನೋಡಿದರೆ ಈ ಅನುಮಾನ ಸಹಜ. ಆದರೆ ಬೇಸ್‌ಬಾಲ್‌ನಲ್ಲಿ ಗೆಲುವು, ಸೋಲನ್ನು ಪಿಚರ್ ಹೆಸರಿಗೆ ಬರೆದರೂ, ಗೆಲುವು ಪಿಚರ್ ಒಬ್ಬರ ಕೈಯಲ್ಲಿಲ್ಲ. ತನ್ನ ತಂಡ ರನ್ ಹೊಡೆಯದಿದ್ದರೆ ಅವರು ಏನು ಮಾಡಬೇಕು, ಅಲ್ವಾ?

1987ನ್ನೇ ನೋಡಿ. ಹ್ಯೂಸ್ಟನ್ ಆಸ್ಟ್ರೋಸ್ ಪರ ರಯಾನ್ 8 ಗೆದ್ದು 16 ಸೋತರು. ಅದೇ ವರ್ಷ ಅವರ ಇಆರ್‌ಎ 2.76. ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಅವರು ಕೊಟ್ಟ ಸರಾಸರಿ ರನ್. ಅವರು ಆಡುತ್ತಿದ್ದ ನ್ಯಾಷನಲ್ ಲೀಗ್‌ನಲ್ಲೇ ಅದು ಎಲ್ಲರಿಗಿಂತ ಕಡಿಮೆ! ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು) 270, ಎಲ್ಲರಿಗಿಂತ ಜಾಸ್ತಿ.

ಒಟ್ಟು 5,714 ಸ್ಟ್ರೈಕ್‌ಔಟ್, 7 ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಇಂದಿಗೂ ದಾಖಲೆ. ಕೊರತೆಯೂ ಉಂಟು: 2,795 ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟದ್ದೂ ದಾಖಲೆಯೇ. ನನಗೆ ಅವರ ನಿಜವಾದ ದೌರ್ಬಲ್ಯ ಕಾಣುವುದು ಅಲ್ಲಿ, ಆ 292ರಲ್ಲಿ ಅಲ್ಲ.