ಸೀಲ್ ಒಡೆಯದ ಹಳೇ ಕಂಪ್ಯೂಟರ್ ಸಾಮಾನು ಸಿಕ್ಕಿದೆ, ಬಿಚ್ಚಬೇಕಾ ಹಾಗೇ ಇಡಬೇಕಾ?

ಮದರ್‌ಬೋರ್ಡ್ ಇರುವ ಡಬ್ಬಿಗಳನ್ನು ಈ ವಾರವೇ ಬಿಚ್ಚಿ. ಡಾಸ್ (ವಿಂಡೋಸ್‌ಗಿಂತ ಹಳೇ ಆಪರೇಟಿಂಗ್ ಸಿಸ್ಟಂ) ಮತ್ತು ವಿಂಡೋಸ್ ಪ್ಯಾಕುಗಳನ್ನು ಮುಟ್ಟಬೇಡಿ. ಜಿಸ್ಟ್ ಕಾರ್ಡ್, ಅಂದರೆ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿಸುತ್ತಿದ್ದ ಕಾರ್ಡ್, ಅದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಕೆಳಗೆ ಬರುತ್ತೇನೆ.

ಪ್ರಶ್ನೆ ಪೂರ್ತಿ ಓದದೆ ಇಲ್ಲಿಗೆ ಇಳಿದವರಿಗೆ: ಪ್ರಶ್ನೆ ಕೇಳಿದವರ ಮಾಮಾ ವಿಜಯಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಅಂಗಡಿ ಬಂದ್ ಆಗಿ ಬಹಳ ವರ್ಷ ಆಯಿತು. ಈಗ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ 486 ಮದರ್‌ಬೋರ್ಡ್‌ಗಳು, ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಮೇತ ಒಂದು ಕ್ಯಾಬಿನೆಟ್, ಟಿವಿಎಸ್ ಗೋಲ್ಡ್ ಕೀಬೋರ್ಡ್, ಖಾಲಿ ಫ್ಲಾಪಿ ಡಬ್ಬಿಗಳು, ಡಾಸ್, ವಿಂಡೋಸ್ 3.1, ಜೊತೆಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಸಿಕ್ಕಿವೆ. ಎಲ್ಲಾ ಹೊಸವು, ಯಾವುದನ್ನೂ ಬಿಚ್ಚಿಲ್ಲ. ಅಣ್ಣ "ಮುಟ್ಟಬೇಡ, ಸೀಲ್ ಒಡೆದರೆ ಕಿಮ್ಮತ್ತು ಹೋಗುತ್ತದೆ" ಅನ್ನುತ್ತಾರೆ, ಸೀಲ್ ಇದ್ದ ಹಳೇ ಐಫೋನ್ ಕೋಟಿಗೆ ಹೋದ ಸುದ್ದಿಯನ್ನೂ ಹೇಳುತ್ತಾರೆ. ಇವರಿಗೆ ಬಿಚ್ಚಿ ಓಡಿಸಿ ನೋಡುವ ಆಸೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಮಷಿನ್ ಕಂಟ್ರೋಲರ್, ಪವರ್ ಸಪ್ಲೈ ಇಂಥವನ್ನು ರಿಪೇರಿ ಮಾಡುತ್ತೇನೆ. ಹಳೇ ಬೋರ್ಡ್ ನನಗೆ ಹೊಟ್ಟೆಪಾಡು, ಹವ್ಯಾಸ ಆಮೇಲೆ. ಹಾಗಾಗಿ ನನ್ನ ಮಾತು ಸ್ವಲ್ಪ ಬಿಚ್ಚುವವರ ಕಡೆಗೇ ವಾಲುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ.

ಬೋರ್ಡ್ ಯಾಕೆ ತಕ್ಷಣ ಬಿಚ್ಚಬೇಕು ಅಂದರೆ, ಬ್ಯಾಟರಿ. 386, 486 ಕಾಲದ ಬಹಳಷ್ಟು ಬೋರ್ಡ್‌ಗಳಲ್ಲಿ ಬೆರಳು ಗಾತ್ರದ, ನೀಲಿಯೋ ಹಸಿರೋ ಕವಚದ ಒಂದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರ ಬೋರ್ಡಿಗೇ ಸೋಲ್ಡರ್ ಮಾಡಿರುತ್ತಾರೆ. 3.6 ವೋಲ್ಟ್, ಒಳಗೆ ಮೂರು ಸೆಲ್. ಟೈಮ್ ಮತ್ತು ಸೆಟ್ಟಿಂಗ್ ನೆನಪಿಡುವುದಷ್ಟೇ ಅದರ ಕೆಲಸ. ಅದರೊಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಖಡಕ್ ಕ್ಷಾರ. ವರ್ಷಗಳು ಕಳೆದ ಹಾಗೆ ಅದು ಸೋರುತ್ತದೆ, ಬೋರ್ಡಿಗೆ ಕರೆಂಟ್ ಕೊಟ್ಟಿರಲಿ ಬಿಡಲಿ, ಡಬ್ಬಿ ಸೀಲ್ ಆಗಿರಲಿ ಬಿಡಲಿ. ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ, ಪಕ್ಕದ ಕೀಬೋರ್ಡ್ ಸಾಕೆಟ್ ಹಿಡಿಯುತ್ತದೆ, ಸ್ಲಾಟ್‌ಗಳ ಪಿನ್ ಹಿಡಿಯುತ್ತದೆ, ಹಸಿರು ಬಣ್ಣದ ಪುಡಿ ಕಾಣುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಇಂಥ ಬೋರ್ಡನ್ನು ಸೀಲ್ ಸಮೇತ ಇಟ್ಟುಕೊಳ್ಳುವುದು ಅಂದರೆ ಕೊಳೆಯುವುದನ್ನು ಕಣ್ಣಿಗೆ ಕಾಣದ ಹಾಗೆ ಮುಚ್ಚಿಡುವುದು. ನಿಮ್ಮಿಂದ ಕೊಂಡವರೂ ಒಂದು ದಿನ ಬಿಚ್ಚಿ ನೋಡಿಯೇ ನೋಡುತ್ತಾರೆ, ಆಮೇಲೆ ಫೋನ್ ಬರುವುದು ನಿಮಗೇ.

ಬಿಚ್ಚಿದ ಮೇಲೆ ಮಾಡುವುದು ಸರಳ. ಸಣ್ಣ ಕಟ್ಟರ್ ತಗೊಂಡು ಬ್ಯಾಟರಿಯ ಕಾಲು ಕತ್ತರಿಸಿ ತೆಗೆಯಿರಿ. ಬ್ಯಾಟರಿ ಇಲ್ಲದಿದ್ದರೆ ಬೋರ್ಡ್ ಸಾಯುವುದಿಲ್ಲ, ಪ್ರತಿ ಸಲ ಹಚ್ಚಿದಾಗ ಸೆಟ್ಟಿಂಗ್ ಮತ್ತೆ ಕೊಡಬೇಕಾಗುತ್ತದೆ ಅಷ್ಟೇ. ಸೋರಿದ್ದರೆ ಆ ಜಾಗಕ್ಕೆ ಬಿಳಿ ವಿನೆಗರ್ ಹಚ್ಚಿ, ಕ್ಷಾರ ಸತ್ತ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಬ್ರಷ್ ಮಾಡಿ ಚೆನ್ನಾಗಿ ಒಣಗಿಸಿ. ಬೋರ್ಡಿನಲ್ಲಿ ನಾಣ್ಯದಂಥ 2032 ಸೆಲ್ ಇದ್ದರೆ ನಿಮ್ಮ ಅದೃಷ್ಟ, ಅದನ್ನು ಸುಮ್ನೆ ಎತ್ತಿ ತೆಗೆದರೆ ಆಯಿತು.

ಇನ್ನೊಂದು, ಜನ ಇದನ್ನು ಗಮನಿಸುವುದಿಲ್ಲ. ಬಿಡಿ ಚಿಪ್‌ಗಳನ್ನು ಕಪ್ಪು ಸ್ಪಂಜಿನಲ್ಲಿ ಚುಚ್ಚಿ ಇಟ್ಟಿರುತ್ತಾರಲ್ಲ, ಆ ಸ್ಪಂಜು ಹಳತಾದ ಮೇಲೆ ಪುಡಿಪುಡಿಯಾಗಿ ಚಿಪ್‌ನ ಕಾಲುಗಳನ್ನು ತುಕ್ಕು ಹಿಡಿಸುತ್ತದೆ. ಹಾಗೇ ಕೀಬೋರ್ಡ್ ಅಥವಾ ಪವರ್ ಕೇಬಲ್ ಥರ್ಮಾಕೋಲಿಗೆ ನೇರ ತಾಗಿದ್ದರೆ, ವೈರಿನ ಪಿವಿಸಿಯಲ್ಲಿರುವ ಮೆದುಗೊಳಿಸುವ ಎಣ್ಣೆ ಹೊರಬಂದು ಥರ್ಮಾಕೋಲನ್ನು ಕರಗಿಸಿ ಎರಡೂ ಅಂಟಿಕೊಳ್ಳುತ್ತವೆ. ಕಂಪನಿ ಪ್ಯಾಕಿಂಗ್ ಅಂಗಡಿಗೆ ಹೋಗಿ ಒಂದೆರಡು ವರ್ಷದಲ್ಲಿ ಮಾರಾಟ ಆಗಲಿ ಅಂತ ಮಾಡಿದ್ದು, ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಅಟ್ಟದ ಮೇಲೆ ಮೂವತ್ತು ವರ್ಷ ಕೂರಲಿ ಅಂತ ಅಲ್ಲ.

ಕ್ಯಾಬಿನೆಟ್ ಕಥೆ ಬೇರೆ. ಬಿಚ್ಚಬಹುದು, ಆದರೆ ಉತ್ಸಾಹದಲ್ಲಿ ಪ್ಲಗ್ ಹಾಕಬೇಡಿ. ಮೊದಲು ಹಿಂದೆ ಕೆಂಪು ಸ್ವಿಚ್ ಇದೆಯಾ ನೋಡಿ. ಅದು 115ರಲ್ಲಿದ್ದು ನೀವು ನಮ್ಮ 230 ವೋಲ್ಟ್ ಕೊಟ್ಟರೆ ಪಟಾಕಿ ಹೊಡೆದ ಸದ್ದು ಬಂದು ಎಸ್‌ಎಂಪಿಎಸ್ ಮುಗಿಯುತ್ತದೆ. ಎರಡನೆಯದು, ಹಳೇ ಪವರ್ ಸಪ್ಲೈಗಳ ಇನ್‌ಪುಟ್ ಕಡೆ ಕೆಲವೊಮ್ಮೆ ಕಾಗದದ ಫಿಲ್ಟರ್ ಕೆಪ್ಯಾಸಿಟರ್ ಇರುತ್ತದೆ. ರೀಫಾ ಕಂಪನಿಯವು ಇದರಲ್ಲಿ ಕುಖ್ಯಾತ. ಅರೆಪಾರದರ್ಶಕ ಹಳದಿ ಕವಚ, ಮೇಲೆ ಕೂದಲೆಳೆಯಂಥ ಬಿರುಕು. ಆ ಬಿರುಕಿನಿಂದ ತೇವ ಒಳಗೆ ಹೋಗಿ, ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಹೊಗೆ ಬಿಡುತ್ತದೆ. ರಟ್ಟಿನ ಡಬ್ಬಿ ತೇವ ತಡೆಯುವುದಿಲ್ಲ, ಆದ್ದರಿಂದ ಸೀಲ್ ಇದ್ದದ್ದೂ ಇಲ್ಲದ್ದೂ ಇಲ್ಲಿ ಒಂದೇ. ಮೊದಲ ಸಲ ಹಚ್ಚುವಾಗ ಸೀರೀಸ್ ಬಲ್ಬ್ (ಕರೆಂಟ್ ಬಲ್ಬಿನ ಮೂಲಕವೇ ಹಾದು ಬರುವ ಹಾಗೆ) ಇಟ್ಟು ಹಚ್ಚಿ, ನಿಮ್ಮ ಓಣಿಯ ಎಲೆಕ್ಟ್ರಿಷಿಯನ್ ಹತ್ತಿರ ಅದರ ಬೋರ್ಡ್ ಇದ್ದೇ ಇರುತ್ತದೆ. ಮದರ್‌ಬೋರ್ಡ್ ಜೋಡಿಸದೆ, ಯಾವುದಾದರೂ ಕೆಟ್ಟ ಹಾರ್ಡ್ ಡಿಸ್ಕನ್ನು ಲೋಡ್ ಆಗಿ ಕೊಟ್ಟು, 5 ಮತ್ತು 12 ವೋಲ್ಟ್ ಸರಿಯಾಗಿ ಬರುತ್ತಿದೆಯಾ ಅಂತ ಮೀಟರಿನಲ್ಲಿ ನೋಡಿ. ಮುಚ್ಚಳ ತೆಗೆದರೆ ಒಳಗಿನ ದೊಡ್ಡ ಕೆಪ್ಯಾಸಿಟರ್ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ.

ಈಗ ಅಣ್ಣನ ಮಾತಿಗೆ ಬರೋಣ. ಅವರು ಹೇಳಿದ ಐಫೋನ್ ಸುದ್ದಿ ಸುಳ್ಳಲ್ಲ. 2023ರ ಜುಲೈನಲ್ಲಿ ಸೀಲ್ ಒಡೆಯದ 2007ರ ಮೊದಲ ಐಫೋನ್ ಅಮೆರಿಕದ ಹರಾಜಿನಲ್ಲಿ 1,90,372 ಡಾಲರಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿ. ಆದರೆ ಅದು 4 ಜಿಬಿ ಮಾಡೆಲ್. ಬಿಡುಗಡೆಯಾದ ವರ್ಷವೇ ಸೆಪ್ಟೆಂಬರಿನಲ್ಲಿ ಆಪಲ್ ಅದನ್ನು ನಿಲ್ಲಿಸಿಬಿಟ್ಟಿತ್ತು. ಹೆಸರು ಲೋಕಕ್ಕೆಲ್ಲ ಗೊತ್ತು, ಸಂಖ್ಯೆ ಕಡಿಮೆ, ಅಲ್ಲಿ ಸೀಲ್ ಇದ್ದದ್ದನ್ನು ಪರೀಕ್ಷಿಸಿ ಹರಾಜಿಗೆ ಇಡುವ ವ್ಯವಸ್ಥೆಯೂ ಇದೆ. ತೈವಾನ್‌ನಲ್ಲಿ ರಾಶಿಗಟ್ಟಲೆ ಮಾಡಿದ ಹೆಸರಿಲ್ಲದ 486 ಬೋರ್ಡಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಅದೇ ಅಮೆರಿಕದ ಇನ್ನೊಂದು ಸಂಗತಿ ನಿಮ್ಮದಕ್ಕೆ ಹತ್ತಿರ. ನಾಬು ಅಂತ ಒಂದು ಕಂಪ್ಯೂಟರ್ ಇತ್ತು, 1983ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಶುರುವಾದದ್ದು. ಕೇಬಲ್ ಟಿವಿ ತಂತಿಯ ಮೇಲೆ ಪ್ರೋಗ್ರಾಂ ಇಳಿಸಿಕೊಳ್ಳುತ್ತಿತ್ತು, ಆ ನೆಟ್‌ವರ್ಕ್ ಮುಚ್ಚಿದ ಮೇಲೆ ಯಂತ್ರ ಯಾವ ಕೆಲಸಕ್ಕೂ ಬರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬರು ಡಬ್ಬಿ ಒಡೆಯದ 2,000ಕ್ಕೂ ಹೆಚ್ಚು ನಾಬುಗಳನ್ನು ದಶಕಗಳ ಕಾಲ ಒಂದು ಹಳೇ ಕೊಟ್ಟಿಗೆಯಲ್ಲಿ ಇಟ್ಟಿದ್ದರು. 2022ರ ಕೊನೆಗೆ ಒಂದೊಂದನ್ನು ಸುಮಾರು 60 ಡಾಲರಿಗೆ ಆನ್‌ಲೈನ್‌ನಲ್ಲಿ ಮಾರಲು ಇಟ್ಟರು. ಕೊಂಡವರು ಪೂಜೆ ಮಾಡುತ್ತಾ ಕೂರಲಿಲ್ಲ. ಬಿಚ್ಚಿದರು, ಸರ್ಕ್ಯೂಟ್ ಓದಿದರು, ಕೇಬಲ್ ತಂತಿಯಿಂದ ಪ್ರೋಗ್ರಾಂ ತಂದುಕೊಡುತ್ತಿದ್ದ ಅಡಾಪ್ಟರಿನ ಕೆಲಸವನ್ನು ಈಗಿನ ಕಂಪ್ಯೂಟರಿನಿಂದಲೇ ಮಾಡಿಸುವ ಪ್ರೋಗ್ರಾಂ ಬರೆದರು. ಸತ್ತುಹೋಗಿದ್ದ ನಾಬುಗೆ ಮತ್ತೆ ನೆಟ್‌ವರ್ಕ್ ಬಂತು, ಹೊಸ ಆಟಗಳೂ ಬಂದವು. ಅದರ ಹೆಸರೇ ಕೇಳದಿದ್ದ ಜನ ಕೂಡ ಅದನ್ನು ಹುಡುಕಿ ಕೊಂಡರು.

ನಮ್ಮ ಕಡೆ 486 ಬೋರ್ಡಿಗೆ ನಿಜವಾದ ಗಿರಾಕಿ ಯಾರು ಗೊತ್ತಾ? ಸಂಗ್ರಹ ಮಾಡುವವರಲ್ಲ, ಕಾರ್ಖಾನೆಯವರು. ಇಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ಆ ಕಾಲದ ಕಂಟ್ರೋಲರ್‌ಗಳು ಇನ್ನೂ ದುಡಿಯುತ್ತಿವೆ. ಅವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಕಾರ್ಡ್ ಐಸಾ ಸ್ಲಾಟಿನಲ್ಲೇ (ಹಳೇ ಬೋರ್ಡಿನಲ್ಲಿ ಕಾರ್ಡ್ ಚುಚ್ಚುವ ಉದ್ದನೆ ಕಿಂಡಿ) ಕೂರಬೇಕು, ಹೊಸ ಕಂಪ್ಯೂಟರಿನಲ್ಲಿ ಆ ಸ್ಲಾಟ್ ಇಲ್ಲ. ಬೋರ್ಡ್ ಹೋದರೆ ಮಷಿನ್ ನಿಂತಂತೆ. ಆಗ ಮಾಲಕರು ಕೇಳುವುದು "ಸೀಲ್ ಇದೆಯಾ" ಅಂತ ಅಲ್ಲ, "ನಡೀತದಾ" ಅಂತ. ಟೆಸ್ಟ್ ಮಾಡಿದ, ಬ್ಯಾಟರಿ ತೆಗೆದ, ಸ್ವಚ್ಛ ಬೋರ್ಡಿಗೆ ಅವರು ಕೊಡುವಷ್ಟು ದುಡ್ಡನ್ನು ಸೀಲ್ ಇರುವ ಬೋರ್ಡಿಗೆ ಯಾರೂ ಕೊಡುವುದಿಲ್ಲ. ಖಾಲಿ ಫ್ಲಾಪಿಗೂ ಇದೇ ಗಿರಾಕಿ. ಸೋನಿ 3.5 ಇಂಚಿನ ಫ್ಲಾಪಿ ಮಾರುವುದನ್ನು 2011ರಲ್ಲೇ ನಿಲ್ಲಿಸಿತು, ಆದರೆ ಫ್ಲಾಪಿ ಕೇಳುವ ಮಷಿನ್‌ಗಳು ನಿಂತಿಲ್ಲ. ಫ್ಲಾಪಿ ಡಬ್ಬಿಗಳನ್ನು ಮಾತ್ರ ಬಿಚ್ಚದೆ ಮಾರಿ, ಧೂಳು ಹೋಗದಿರುವುದೇ ಅವಕ್ಕೆ ಒಳ್ಳೆಯದು.

ಕೀಬೋರ್ಡ್ ಬಿಚ್ಚಿ, ಬಳಸಿ. ಟಿವಿಎಸ್ ಗೋಲ್ಡ್‌ನಲ್ಲಿ ಚೆರ್ರಿ ನೀಲಿ ಸ್ವಿಚ್ ಇರುತ್ತದೆ, ಟಕ್ ಟಕ್ ಅನ್ನುವ ಆ ಸದ್ದಿಗೇ ಈಗಿನ ಹುಡುಗರು ದುಡ್ಡು ಸುರಿಯುತ್ತಾರೆ. ಸಂಗ್ರಹಕ್ಕೆ ಇಡುವಷ್ಟು ಅಪರೂಪದ್ದೇನಲ್ಲ.

ವಿಂಡೋಸ್ 3.1 ಮತ್ತು ಡಾಸ್ ಪ್ಯಾಕ್ ಯಾಕೆ ಮುಟ್ಟಬಾರದು? ಒಳಗಿರುವುದು ಫ್ಲಾಪಿ ಮತ್ತು ಪುಸ್ತಕ. ಸೋರುವುದು ಏನೂ ಇಲ್ಲ, ಅದರ ಪ್ರತಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಬಿಚ್ಚಿದರೆ ನಿಮಗೆ ಹೊಸದಾಗಿ ಸಿಗುವುದು ಏನೂ ಇಲ್ಲ. ಇಲ್ಲಿ ಸೀಲ್‌ಗೇ ಬೆಲೆ, ಅಣ್ಣನ ಮಾತು ಸರಿ. ಆದರೆ ಕೊಳ್ಳುವವರು ಅನುಮಾನ ಪಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಕುಂದಾ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಮತ್ತು ಒಂದು ಹೀಟ್ ಗನ್ ಇದ್ದರೆ ಯಾರು ಬೇಕಾದರೂ ಮತ್ತೆ ಸೀಲ್ ಮಾಡಬಹುದು. ಮಾಮಾ ಅವರ ಹಳೇ ಖರೀದಿ ಬಿಲ್ ಇದ್ದರೆ ಜೋಪಾನ ಮಾಡಿ, ಸೀಲ್‌ಗಿಂತ ದೊಡ್ಡ ಸಾಕ್ಷಿ ಅದು. ಅಟ್ಟದಿಂದ ಇಳಿಸಿ ಕಬ್ಬಿಣದ ಕಪಾಟಿನಲ್ಲಿ ಇಡಿ, ಗೆದ್ದಲಿಗೆ ರಟ್ಟು ಅಂದರೆ ಹಬ್ಬ.

ಈಗ ಜಿಸ್ಟ್ ಕಾರ್ಡ್. ನಿಮ್ಮ ಪಟ್ಟಿಯಲ್ಲಿ ಇದನ್ನು ಕೊನೆಗೆ, "ಮತ್ತೇನೋ ಒಂದು ಕಾರ್ಡ್" ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಉಳಿದಿದ್ದೆಲ್ಲಾ ಒಂದು ತೂಕ, ಇದೊಂದೇ ಒಂದು ತೂಕ. ಐಐಟಿ ಕಾನ್ಪುರದಲ್ಲಿ 80ರ ದಶಕದಲ್ಲಿ ಶುರುವಾದ ಕೆಲಸ, ಆಮೇಲೆ ಪುಣೆಯ ಸಿ-ಡ್ಯಾಕ್‌ಗೆ ಬಂದು ಕಾರ್ಡಿನ ರೂಪದಲ್ಲಿ ಮಾರಾಟವಾಯಿತು. ಅದನ್ನು ಐಸಾ ಸ್ಲಾಟಿನಲ್ಲಿ ಕೂರಿಸಿದರೆ ಡಾಸ್‌ನಲ್ಲಿ ಓಡುವ ಡಿಬೇಸ್, ವರ್ಡ್‌ಸ್ಟಾರ್‌ನಂಥ ಪ್ರೋಗ್ರಾಂಗಳನ್ನು ಬದಲಿಸದೆಯೇ ಕನ್ನಡದಲ್ಲಿ ಟೈಪ್ ಮಾಡಬಹುದಿತ್ತು. ಯೂನಿಕೋಡ್, ನುಡಿ ಎಲ್ಲಾ ಬರುವ ಮೊದಲಿನ ಮಾತು ಇದು. ಇದರಲ್ಲಿ ಬಳಸಿದ, ಅಕ್ಷರಗಳಿಗೆ ನಂಬರ್ ಕೊಡುವ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಇಸ್ಕಿಯಲ್ಲಿ ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ ಎಲ್ಲಕ್ಕೂ ಒಂದೇ ನಂಬರ್, ಯಾವ ಲಿಪಿಯಲ್ಲಿ ತೋರಿಸಬೇಕು ಅನ್ನುವುದು ಬೇರೆ. ಇವತ್ತು ನೀವು ಮೊಬೈಲಿನಲ್ಲಿ ಬಳಸುವ ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಕೂತಿರುವ ಕ್ರಮ ಬಂದದ್ದು ಇಸ್ಕಿಯ 1988ರ ರೂಪದಿಂದ.

ಇದನ್ನು ಬಿಚ್ಚಿ. ಹೌದು, ಸೀಲ್ ಒಡೆದರೆ ಸ್ವಲ್ಪ ಬೆಲೆ ಹೋಗಬಹುದು. ಆದರೆ ಇದರ ಜೊತೆ ಬಂದ ಫ್ಲಾಪಿಗಳ ಪ್ರತಿ ವಿಂಡೋಸ್‌ನದ್ದರ ಹಾಗೆ ಎಲ್ಲೆಂದರಲ್ಲಿ ಸಿಗುವಂಥದ್ದಲ್ಲ, ಫ್ಲಾಪಿಯ ಅಯಸ್ಕಾಂತ ಪದರ ವರ್ಷ ಕಳೆದಂತೆ ಸೊರಗುತ್ತದೆ. ಕಾರ್ಡಿನ ಮೇಲೆ ಸ್ಟಿಕರ್ ಅಂಟಿಸಿದ ಇಪ್ರಾಮ್ ಚಿಪ್ (ಕಾರ್ಡಿನ ಪ್ರೋಗ್ರಾಂ ಇಟ್ಟುಕೊಂಡಿರುವ ಮೆಮೊರಿ) ಇದ್ದರೆ ಅದೂ ನಿಧಾನಕ್ಕೆ ಮರೆಯುತ್ತದೆ. ಆ ಸ್ಟಿಕರ್ ಕೀಳಬೇಡಿ, ಅದರ ಕೆಳಗಿನ ಗಾಜಿನ ಕಿಂಡಿಗೆ ಬಿಸಿಲು ಬಿದ್ದರೆ ಒಳಗಿನದು ಅಳಿಸಿಹೋಗುತ್ತದೆ. ಫ್ಲಾಪಿ ಓದಿಸಲು ಗ್ರೀಸ್‌ವೀಸಲ್ ಅನ್ನುವ ಸಣ್ಣ ಯುಎಸ್‌ಬಿ ಬೋರ್ಡ್ ಸಿಗುತ್ತದೆ, ಹಳೇ ಡ್ರೈವಿಗೆ ಜೋಡಿಸಿದರೆ ಡಿಸ್ಕಿನ ಮೇಲಿನ ಸಿಗ್ನಲ್ಲನ್ನೇ ಹಾಗ್ಹಾಗೇ ಪ್ರತಿ ಮಾಡಿಕೊಳ್ಳುತ್ತದೆ. ಡಿಸ್ಕ್ ಮೇಲೆ ಬೂಸು ಕಂಡರೆ ಡ್ರೈವಿಗೆ ಹಾಕಬೇಡಿ, ಹೆಡ್‌ಗೆ ಮೆತ್ತಿಕೊಂಡು ಮುಂದಿನ ಡಿಸ್ಕನ್ನೂ ಕೆರೆದುಬಿಡುತ್ತದೆ. ಇಪ್ರಾಮನ್ನು ಪ್ರೋಗ್ರಾಮರ್ (ಚಿಪ್ ಓದುವ ಉಪಕರಣ) ಇರುವ ಯಾವ ರಿಪೇರಿಯವರಾದರೂ ಓದಿ ಕೊಡುತ್ತಾರೆ, ಬೆಳಗಾವಿಗೆ ಬಂದರೆ ನಾನೇ ಮಾಡಿಕೊಡುತ್ತೇನೆ. ಹಕ್ಕು ಸಿ-ಡ್ಯಾಕ್‌ನದು, ಹಾಗಾಗಿ ಊರಿಗೆಲ್ಲ ಹಂಚುವ ಮೊದಲು ಅವರನ್ನೊಂದು ಮಾತು ಕೇಳಿ.

ಬಿಚ್ಚುವ ರೀತಿಯಲ್ಲೂ ಬೆಲೆ ಉಳಿಸಬಹುದು. ಬಿಚ್ಚುವಾಗ ವಿಡಿಯೋ ಮಾಡಿ. ಡಬ್ಬಿ ಹರಿಯದೆ ಬ್ಲೇಡಿನಿಂದ ಸ್ಟಿಕರನ್ನು ಮಾತ್ರ ಕೊಯ್ಯಿರಿ. ಥರ್ಮಾಕೋಲ್, ಕೈಪಿಡಿ, ವಾರಂಟಿ ಕಾರ್ಡ್, ಒಳಗಿನ ಸಣ್ಣ ಸ್ಕ್ರೂ ಪುಡಿಕೆ ಕೂಡ ಬಿಸಾಡಬೇಡಿ. ಎಲ್ಲಾ ಸಾಮಾನು ಪೂರ್ತಿ ಇದ್ದು ಓಡುವ ವಸ್ತುವನ್ನೇ ಜಾಸ್ತಿ ಜನ ಕೇಳುತ್ತಾರೆ. ಗುಜರಿಯವರು ಬಂದು ಪ್ರೊಸೆಸರ್ ಮಾತ್ರ ಕೊಡಿ, ಒಳ್ಳೆ ರೇಟ್ ಕೊಡುತ್ತೇನೆ ಅಂದರೆ ಕೊಡಬೇಡಿ, ಅವರ ಕಣ್ಣು ಅದರ ಚಿನ್ನದ ಪಿನ್ ಮೇಲೆ.

ಮತ್ತೆ, ಮಾಮಾ ಊರಲ್ಲೇ ಇದ್ದಾರೆ ಅಂದಿದ್ದೀರಿ. ಸಾಮಾನು ಅವರದ್ದು ಅಲ್ವಾ, ಮೊದಲು ಅವರನ್ನು ಕೂರಿಸಿಕೊಂಡು ಕೇಳಿ. ಯಾವುದು ಗಿರಾಕಿ ವಾಪಸ್ ತಂದದ್ದು, ಯಾವುದು ನಿಜವಾಗಲೂ ಹೊಸದು ಅನ್ನುವುದು ಅವರಿಗೇ ಗೊತ್ತಿರುತ್ತದೆ.

ಬಿಚ್ಚಿದ ಮೇಲೆ ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿ, ಬ್ಯಾಟರಿ ಸುತ್ತಲಿನ ಜಾಗ ಸ್ಪಷ್ಟ ಕಾಣಲಿ. ಹಸಿರು ಕಂಡರೆ ವಿನೆಗರ್ ಹಚ್ಚುವ ಮೊದಲೇ ಫೋಟೋ ತೆಗೆಯಿರಿ. ತೊಳೆದ ಮೇಲೆ ತಿಂದುಹೋದ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಹುಡುಕುವುದು ಬಹಳ ಕಷ್ಟ.