ಎರಡು ಎಳೆಯ ಡಿಎನ್‌ಎಯಲ್ಲಿ ನಾಲ್ಕು ಎಳೆಯ ಮಡಿಕೆ ಹೇಗೆ ಮೂಡುತ್ತದೆ?

ಡಿಎನ್‌ಎಯಲ್ಲಿ ಇರುವುದೇ ಎರಡು ಎಳೆ, ಹಾಗಿದ್ದರೆ ನಾಲ್ಕು ಎಳೆಯ ರಚನೆಗೆ ಇನ್ನೆರಡು ಎಲ್ಲಿಂದ ಬಂದವು ಎಂದು ಕೇಳಿದ್ದೀರಿ. ಹೊರಗಿನಿಂದ ಬರಬೇಕಿಲ್ಲ. ಒಂದೇ ಎಳೆ ಮೂರು ಸಲ ತಿರುವು ತೆಗೆದುಕೊಂಡರೆ ಅಕ್ಕಪಕ್ಕದಲ್ಲಿ ನಾಲ್ಕು ಸಾಲಾಯಿತು. ಆದರೆ ಎಲ್ಲೆಂದರಲ್ಲಿ ಹೀಗಾಗದು. ಡಿಎನ್‌ಎಯ ಅಕ್ಷರಗಳಂತಿರುವ ನಾಲ್ಕು ಘಟಕಗಳಲ್ಲಿ ಗ್ವಾನಿನ್ ಒಂದು. ಸಾಮಾನ್ಯವಾಗಿ ಮೂರು ನಾಲ್ಕು ಗ್ವಾನಿನ್‌ಗಳು ಒತ್ತಾಗಿರುವ ಗುಂಪುಗಳು ಹತ್ತಿರ ಹತ್ತಿರ ನಾಲ್ಕು ಇರಬೇಕು. ಗುಂಪಿಗೊಂದರಂತೆ ನಾಲ್ಕು ಗ್ವಾನಿನ್ ಸೇರಿ, ಎಂಟು ಹೈಡ್ರೋಜನ್ ಬಂಧಗಳಿಂದ ಒಂದು ಚೌಕವಾಗುತ್ತದೆ. ಚೌಕದ ಮೇಲೆ ಚೌಕ ಕೂರುತ್ತದೆ, ನಡುವಿನ ಟೊಳ್ಳಿನಲ್ಲಿ ಪೊಟ್ಯಾಸಿಯಂ ಅಯಾನು ನಿಂತು ಅದನ್ನು ಗಟ್ಟಿಗೊಳಿಸುತ್ತದೆ. ಈ ಚೌಕದ ಸ್ವರೂಪ 1962ರಲ್ಲೇ ಗೊತ್ತಾಗಿತ್ತು.

ನಿಜವಾದ ತೊಡಕು ಬೇರೆ. ಗ್ವಾನಿನ್ ಎಳೆಯನ್ನು ಅದರ ಜೋಡಿ ಘಟಕವಾದ ಸೈಟೋಸಿನ್ ಇರುವ ಎದುರಿನ ಎಳೆ ಬಿಗಿಯಾಗಿ ಹಿಡಿದಿರುತ್ತದೆ. ಅದು ಬಿಟ್ಟರಲ್ಲವೇ ಇದು ಮಡಚಿಕೊಳ್ಳುವುದು? ವರ್ಣತಂತುವಿನ ಕೊನೆಯ ಭಾಗವಾದ ಟೆಲೋಮಿಯರಿನ ತುದಿಯಲ್ಲಿ ಒಂಟಿ ಎಳೆ ಚಾಚಿಕೊಂಡಿರುವುದರಿಂದ ಅಲ್ಲಿ ಈ ತೊಡಕಿಲ್ಲ. ವರ್ಣತಂತುವಿನ ನಡುವೆ ಹೇಗೆ?

ನಾನು ಕೊಪ್ಪಳದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಇದನ್ನು ತೋರಿಸಲು, ಕಾರಹುಣ್ಣಿಮೆಗೆ ಎತ್ತುಗಳಿಗೆಂದು ಸಂತೆಯಲ್ಲಿ ಕೊಂಡಿದ್ದ, ಎರಡು ಎಳೆ ಹೊಸೆದ ಹಗ್ಗವನ್ನು ತರಗತಿಗೆ ಒಯ್ದಿದ್ದೆ. ಇಬ್ಬರು ಹುಡುಗಿಯರು ತುದಿಗಳನ್ನು ತಿರುಗದಂತೆ ಹಿಡಿದರು. ಎಳೆಗಳ ನಡುವೆ ಪೆನ್ನು ತೂರಿಸಿ ಮುಂದಕ್ಕೆ ತಳ್ಳಿದೆ. ಪೆನ್ನಿನ ಮುಂದೆ ಹುರಿ ಬಿಗಿದು ಹಗ್ಗ ಸೆಟೆದುಕೊಂಡಿತು, ಹಿಂದೆ ಹುರಿ ಸಡಿಲಗೊಂಡು ಎಳೆಗಳು ಬಾಯಿ ಬಿಟ್ಟವು. ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಜೀನನ್ನು ಓದಿ ಆರ್‌ಎನ್‌ಎ ತಯಾರಿಸುತ್ತಾ ಸಾಗುವಾಗಲೂ ಹೀಗೆಯೇ. ಅದರ ಹಿಂದಿನ ಸಡಿಲ ಜಾಗದಲ್ಲಿ ಗ್ವಾನಿನ್ ಎಳೆಗೆ ಮಡಚಿಕೊಳ್ಳಲು ಅವಕಾಶ ಸಿಗುತ್ತದೆ. ಆಗಷ್ಟೇ ತಯಾರಾದ ಆರ್‌ಎನ್‌ಎ ಹೋಗಿ ಸೈಟೋಸಿನ್ ಎಳೆಗೆ ಅಂಟಿಕೊಂಡರೆ, ಎದುರಾಳಿಯ ಕೈ ಕಟ್ಟಿದಂತಾಗಿ ಮಡಿಕೆ ಇನ್ನಷ್ಟು ಹೊತ್ತು ಉಳಿಯುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದವೆನಿಸುವುದು ಇದೇ.

ಇದು ಬರೀ ಪ್ರನಾಳದ ಮಾತಲ್ಲ. ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ಕೇಂಬ್ರಿಜ್ ತಂಡ 2013ರಲ್ಲಿ ಈ ಮಡಿಕೆಗಳಿಗೆ ಅಂಟಿಕೊಳ್ಳುವ ಬಿಜಿ4 ಎಂಬ ಪ್ರತಿಕಾಯ ಬಳಸಿ ಮಾನವ ಜೀವಕೋಶಗಳಲ್ಲೇ ಇವನ್ನು ತೋರಿಸಿತು. ಕ್ಯಾನ್ಸರಿಗೆ ಸಂಬಂಧಿಸಿದ ಸಿ-ಮಿಕ್ ಜೀನಿನ ಮುಂಭಾಗದಲ್ಲೂ ಇಂಥ ಮಡಿಕೆಗೆ ಒದಗುವ ಸಾಲುಗಳಿವೆ.

ಅಂದು ತರಗತಿಯಲ್ಲಿ ಒಬ್ಬಳು ತುದಿಯನ್ನು ಕೈಬಿಟ್ಟಾಗ ಹಗ್ಗ ಗಿರ್ರನೆ ತಿರುಗಿ ಹುರಿ ಸಮವಾಯಿತು. ಜೀವಕೋಶದಲ್ಲಿ ಆ ಬಿಗುವನ್ನು ಇಳಿಸುವುದು ಟೊಪೊಐಸೊಮರೇಸ್ ಎಂಬ ಕಿಣ್ವಗಳು. ಆಗಲೇ ಬಿದ್ದ ಮಡಿಕೆಯನ್ನು ಪಿಫ್-1ರಂಥ ಹೆಲಿಕೇಸ್ ಕಿಣ್ವಗಳು ಬಿಡಿಸುತ್ತವೆ. ಬಿಡಿಸದೆ ಹೋದರೆ ಡಿಎನ್‌ಎ ನಕಲು ಅಲ್ಲಿಯೇ ತಡೆದು ನಿಲ್ಲಬಹುದು, ಎಳೆ ತುಂಡಾಗಲೂಬಹುದು.