ಏಳನೇ ತರಗತಿಯ ಮಕ್ಕಳಿಗೆ ರಾಜಕೀಯ ಪಕ್ಷಗಳ ಬಗ್ಗೆ ಹೇಗೆ ಕಲಿಸುವುದು?

ಈ ವರ್ಷ ಬೆಂಗಳೂರಿನ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ತೆಗೆದುಕೊಳ್ಳುತ್ತಿರುವ ತಾವು ಕೇಳಿರುವುದು ಎರಡು ವಿಷಯ: ಪಕ್ಷಗಳು ಕೆಲಸ ಮಾಡುವ ರೀತಿಯನ್ನು ಹನ್ನೆರಡು ವರ್ಷದ ಮಕ್ಕಳಿಗೆ ತಿಳಿಯುವಂತೆ ಹೇಳುವುದು ಹೇಗೆ, ಮತ್ತು ಮನೆಯಲ್ಲಿ ಕೇಳಿದ್ದನ್ನೇ ಮಕ್ಕಳು ತರಗತಿಯಲ್ಲಿ ಕೂಗಾಡದಂತೆ, ಪೋಷಕರು ದೂರು ತರದಂತೆ ನೋಡಿಕೊಳ್ಳುವುದು ಹೇಗೆ. ರಾಜಾಜಿನಗರದ ಆಸುಪಾಸಿನ ಶಾಲೆಯಲ್ಲಿ ಈ ಪಾಠವನ್ನು ಹಲವು ವರ್ಷ ಮಾಡಿದ್ದೇನೆ; ಆ ಅನುಭವದಿಂದ ಹೇಳುತ್ತೇನೆ.

ಮೊದಲ ವರ್ಷ ನಾನು ಮತದಾನದ ದಿನದಿಂದ ಪಾಠ ಆರಂಭಿಸಿದ್ದೆ. ರಟ್ಟಿನ ಪೆಟ್ಟಿಗೆ, ಬೆರಳಿಗೆ ಶಾಯಿ, ಚೀಟಿ ಎಣಿಕೆ ಎಲ್ಲವೂ ಸಂಭ್ರಮದಿಂದಲೇ ನಡೆದವು. ತರಗತಿಯ ಎಲ್ಲರ ಮೆಚ್ಚಿನ ಹುಡುಗ ಗೆದ್ದ. ಆದರೆ ಪಕ್ಷ ಎಂದರೇನು ಎಂದು ಮರುದಿನ ಕೇಳಿದರೆ ಯಾರಿಗೂ ಹೇಳಲು ತಿಳಿಯಲಿಲ್ಲ. ಪಕ್ಷದ ಕೆಲಸದಲ್ಲಿ ಬಹುಪಾಲು ಮತದಾನಕ್ಕೆ ಮೊದಲು ಮತ್ತು ಎಣಿಕೆ ಮುಗಿದ ಮೇಲೆ ನಡೆಯುತ್ತದೆ ಎಂಬುದನ್ನು ನಾನೇ ಸರಿಯಾಗಿ ಯೋಚಿಸಿರಲಿಲ್ಲ. ಆದ್ದರಿಂದ ನನ್ನ ಮುಖ್ಯ ಸಲಹೆ ಇಷ್ಟು: ಪಕ್ಷವನ್ನು ಒಳಗಿನಿಂದ ತೋರಿಸಿ, ಮತಪೆಟ್ಟಿಗೆಯನ್ನು ಕೊನೆಗೆ ತನ್ನಿ.

ಈಗ ನಾನು ಮೊದಲ ದಿನ ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು, ಶಾಲೆಯಲ್ಲಿ ಬದಲಾಗಬೇಕಾದ ಒಂದೇ ಒಂದು ಸಂಗತಿಯನ್ನು ಬರೆಯಲು ಹೇಳುತ್ತೇನೆ. ಚೀಟಿಗಳನ್ನು ಓದಿದ ಮೇಲೆ, ಹತ್ತು ಮಂದಿಗಿಂತ ಕಡಿಮೆ ಸದಸ್ಯರಿರುವ ಗುಂಪಿಗೆ ನೋಂದಣಿ ಇಲ್ಲ, ಪ್ರಣಾಳಿಕೆಯಲ್ಲಿ ಮೂರಕ್ಕಿಂತ ಹೆಚ್ಚು ಅಂಶಗಳು ಇರಕೂಡದು ಎಂಬ ಎರಡು ನಿಯಮ ಹೇಳಿ ಅವರಷ್ಟಕ್ಕೆ ಬಿಡುತ್ತೇನೆ. ನಿಜವಾದ ಪಕ್ಷವೂ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ವಿಧಿಯಡಿ ಚುನಾವಣಾ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ಕನಿಷ್ಠ 100 ಮತದಾರರು ಸದಸ್ಯರಾಗಿರಬೇಕು, ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು ಪಕ್ಷ ತನ್ನ ನಿಯಮಾವಳಿಯಲ್ಲೇ ಬರೆದುಕೊಳ್ಳಬೇಕು ಎಂಬುದನ್ನು ಆಗ ಹೇಳಿದರೆ ಅವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂದು ವರ್ಷ ಎರಡನೇ ಬೆಂಚಿನ ಹುಡುಗಿಯೊಬ್ಬಳು ತನ್ನ ಚೀಟಿಯಲ್ಲಿ ಹುಡುಗಿಯರ ಶೌಚಾಲಯದ ಮುರಿದ ಚಿಲಕದ ಬಗ್ಗೆ ಬರೆದಿದ್ದಳು. ಅವಳ ಗುಂಪಿನಲ್ಲಿ ಹುಡುಗರೇ ಹೆಚ್ಚಿದ್ದುದರಿಂದ ಆಟದ ಪೀರಿಯಡ್, ಊಟದ ಬಿಡುವಿನಲ್ಲಿ ಗ್ರಂಥಾಲಯ, ಕುಡಿಯುವ ನೀರಿನ ನಲ್ಲಿ ಈ ಮೂರು ಪ್ರಣಾಳಿಕೆಗೆ ಸೇರಿ, ಚಿಲಕ ನಾಲ್ಕನೆಯದಾಗಿ ಹೊರಗುಳಿಯಿತು. ಅವಳು ಪೆನ್ಸಿಲಿನ ತುದಿಯಿಂದ ಬೆಂಚನ್ನು ಕೆರೆಯುತ್ತಾ ಸ್ವಲ್ಪ ಹೊತ್ತು ಕುಳಿತಿದ್ದು, ಆಮೇಲೆ ಎದ್ದು ನಾಲ್ವರು ಗೆಳತಿಯರೊಂದಿಗೆ ಕಿಟಕಿಯ ಬಳಿಯ ಗುಂಪಿಗೆ ಹೋಗಿ, "ನಮ್ಮ ಚಿಲಕವನ್ನು ಮೊದಲನೆಯದಾಗಿ ಹಾಕಿಕೊಂಡರೆ ನಾವು ಐದೂ ಜನ ಬರುತ್ತೇವೆ" ಎಂದಳು. ಆ ಗುಂಪು ತನ್ನ ಪಟ್ಟಿಯಿಂದ ಒಂದು ಅಂಶವನ್ನು ಹೊಡೆದು ಹಾಕಿ ಚಿಲಕವನ್ನು ಸೇರಿಸಿಕೊಂಡಿತು. ಒಬ್ಬೊಬ್ಬರ ಬೇಡಿಕೆಗಳು ಸೇರಿ ಒಂದು ಕಾರ್ಯಕ್ರಮವಾಗುವುದು ಹೇಗೆ, ಆ ಪ್ರಕ್ರಿಯೆಯಲ್ಲಿ ಯಾರ ಮಾತು ಹಿಂದೆ ಬೀಳುತ್ತದೆ, ಸಂಖ್ಯೆ ಕೂಡಿದಾಗ ಅದೇ ಮಾತಿಗೆ ಬೆಲೆ ಬರುವುದು ಹೇಗೆ ಎಂಬುದನ್ನು ಮಕ್ಕಳು ಆ ದಿನ ಕಣ್ಣಾರೆ ಕಂಡರು.

ಎರಡನೇ ದಿನ ಟಿಕೆಟ್ ಹಂಚಿಕೆ. ಆರನೇ ತರಗತಿಯ ಏಳು ಸಾಲುಗಳನ್ನು ಏಳು ಕ್ಷೇತ್ರಗಳೆಂದು ಇಟ್ಟುಕೊಳ್ಳುತ್ತೇವೆ. ಹದಿನಾಲ್ಕು ಮಂದಿಯ ಪಕ್ಷದಲ್ಲಿ ಏಳು ಮಂದಿಗೆ ಮಾತ್ರ ಬಿ ಫಾರಂ, ಅಂದರೆ ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಸಿಗುತ್ತದೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಯಾರು, ಸದಸ್ಯರೆಲ್ಲ ಕೈ ಎತ್ತಿಯೋ, ಮುಖಂಡರು ಮೂವರೇ ಕುಳಿತೋ ಎಂಬುದನ್ನು ಮಾತ್ರ ನಾನು ಹೇಳಿಕೊಡುವುದಿಲ್ಲ. ಹೆಚ್ಚಿನ ಗುಂಪುಗಳಲ್ಲಿ ಮೂವರೇ ಕೂತು ತೀರ್ಮಾನಿಸುತ್ತಾರೆ, ಸಿಗದವರು ಮುನಿಸಿಕೊಳ್ಳುತ್ತಾರೆ, ಒಬ್ಬಿಬ್ಬರು ಬಂಡಾಯ ನಿಲ್ಲುತ್ತಾರೆ. ಅಭ್ಯರ್ಥಿಗಳ ಆಯ್ಕೆಯನ್ನು ಸದಸ್ಯರ ಮತದಿಂದಲೇ ಮಾಡಬೇಕೆಂದು ನಮ್ಮ ಕಾನೂನು ಯಾವ ಪಕ್ಷವನ್ನೂ ಕಟ್ಟಿಹಾಕಿಲ್ಲ ಎಂದು ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಇಡೀ ಪೀರಿಯಡ್ ಮೀಸಲಿಡಿ. ನನ್ನ ದೃಷ್ಟಿಯಲ್ಲಿ ಈ ಪಾಠದ ತಿರುಳು ಇರುವುದು ಇಲ್ಲಿಯೇ.

ಹಣದ ವಿಷಯವನ್ನು ನಾನು ಚುಟುಕಾಗಿ ಮುಗಿಸುತ್ತೇನೆ: 2022ರಲ್ಲಿ ಪರಿಷ್ಕರಿಸಿದಂತೆ ನಮ್ಮ ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿಯ ಮಿತಿ ಇದೆ, ಆದರೆ ಪಕ್ಷದ ಒಟ್ಟು ಖರ್ಚಿಗೆ ಮಿತಿ ಇಲ್ಲ.

ಮತದಾನದ ನಂತರ ಪಕ್ಷಗಳಿಗೆ ಮೂರು, ಎರಡು, ಎರಡು ಹೀಗೆ ಸ್ಥಾನ ಬಂದರೆ ನಿಮ್ಮ ಅದೃಷ್ಟ. ಬಹುಮತಕ್ಕೆ ನಾಲ್ಕು ಬೇಕು, ಯಾರಿಗೂ ಇಲ್ಲ. ಆಗ 2018ರ ನಮ್ಮ ವಿಧಾನಸಭೆಯ ಅಂಕಿಗಳನ್ನು ಹಲಗೆಯ ಮೇಲೆ ಬರೆಯಿರಿ: ಚುನಾವಣೆ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ದೊಡ್ಡ ಪಕ್ಷ ಹೊರಗೆ ಉಳಿದು, 37 ಸ್ಥಾನದ ಪಕ್ಷದವರು ಮುಖ್ಯಮಂತ್ರಿಯಾದದ್ದು ಹೇಗೆಂದು ಮಕ್ಕಳೇ ಕೂಡಿ ಕಳೆದು ಹೇಳುತ್ತಾರೆ. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲೇ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಎಂಬುದನ್ನೂ ಇಲ್ಲೇ ಸೇರಿಸಿ.

ಗೆದ್ದ ಮಗುವೊಂದು ಬೇರೆ ಪಕ್ಷಕ್ಕೆ ಹೋಗಲು ಹೊರಟಾಗ ಪಕ್ಷಾಂತರ ನಿಷೇಧದ ಮಾತು ತಾನಾಗಿಯೇ ಬರುತ್ತದೆ. ಚಿಲಕದ ಹುಡುಗಿ ಪಕ್ಷ ಬಿಟ್ಟಾಗ ತಪ್ಪಲ್ಲದ್ದು ಈಗ ಏಕೆ ತಪ್ಪು ಎಂದು ಅವರು ಕೇಳಿಯೇ ಕೇಳುತ್ತಾರೆ. ಅವಳು ಸದಸ್ಯೆ ಮಾತ್ರ. ಇವನು ಪಕ್ಷದ ಬಿ ಫಾರಂ ಮೇಲೆ ಗೆದ್ದವನು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯಂತೆ, ಹೀಗೆ ಗೆದ್ದವರು ತಾವಾಗಿ ಪಕ್ಷ ತೊರೆದರೆ ಅಥವಾ ವಿಪ್ (ಸದನದಲ್ಲಿ ಹೀಗೆ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳಬಹುದು. 2019ರಲ್ಲಿ ರಾಜ್ಯದ 17 ಶಾಸಕರು ಅನರ್ಹರಾಗಿ, ಅದೇ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ನಮ್ಮ ಪಕ್ಕದ ಮಹಾಲಕ್ಷ್ಮಿ ಬಡಾವಣೆಯೂ ಅವುಗಳಲ್ಲಿ ಒಂದಾದ್ದರಿಂದ ಮಕ್ಕಳು ಮನೆಯಲ್ಲಿ ವಿಚಾರಿಸಿಕೊಂಡು ಬಂದರು.

ಪೋಷಕರ ಬಗ್ಗೆ ತಾವು ಪಟ್ಟಿರುವ ಆತಂಕ ನನಗೂ ಇತ್ತು, ಒಮ್ಮೆ ತಂದೆಯೊಬ್ಬರು ಫೋನ್ ಮಾಡಿ, "ನಮ್ಮ ಮಗನಿಗೆ ಯಾವ ಪಕ್ಷ ಕಲಿಸುತ್ತಿದ್ದೀರಿ ಮೇಡಂ?" ಎಂದು ಕೇಳಿದ್ದರು. ಅಂದಿನಿಂದ ಪಾಠದ ಹಿಂದಿನ ವಾರವೇ ಡೈರಿಯಲ್ಲಿ ಏನು ಮಾಡುತ್ತೇವೆಂದು ಬರೆದು ಕಳುಹಿಸುತ್ತೇನೆ. ಮಕ್ಕಳ ಪಕ್ಷಗಳಿಗೆ ನಿಜವಾದ ಪಕ್ಷದ ಹೆಸರು, ಬಣ್ಣ, ಗುರುತು ಬಳಸಲು ಬಿಡುವುದಿಲ್ಲ. ಒಂದು ಪಕ್ಷದ ಉದಾಹರಣೆ ಕೊಟ್ಟರೆ ಅದೇ ವಾರದಲ್ಲಿ ಇನ್ನೊಂದರದ್ದನ್ನೂ ಕೊಡುತ್ತೇನೆ. "ಮಿಸ್, ನೀವು ಯಾರಿಗೆ ವೋಟು ಹಾಕ್ತೀರಾ?" ಎಂದು ಪ್ರತಿ ವರ್ಷ ಕೇಳುತ್ತಾರೆ, ಮತ ಗುಟ್ಟಾಗಿರುವುದು ನನ್ನ ಹಕ್ಕು, ನಿಮ್ಮ ಅಪ್ಪ ಅಮ್ಮನದ್ದೂ ಹಾಗೆಯೇ, ಆದ್ದರಿಂದ ಅದನ್ನು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಎನ್ನುತ್ತೇನೆ.

ಪಕ್ಷ ಒಡೆಯುವುದನ್ನು ಹೇಳಲು ಬೆಂಗಳೂರಿಗಿಂತ ಒಳ್ಳೆಯ ಜಾಗವಿಲ್ಲ. 1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ; ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ರಾಜ್ಯದವರೇ ಆದ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿಯ ವಿಷಯದಲ್ಲಿ ಅಲ್ಲಿ ಹೊರಬಿದ್ದ ಭಿನ್ನಾಭಿಪ್ರಾಯ ಬೆಳೆದು, ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಲಾಯಿತು, ಪಕ್ಷ ಎರಡಾಯಿತು. 1971ರ ಚುನಾವಣೆಯಲ್ಲಿ ಹಳೆಯ ಜೋಡೆತ್ತಿನ ಗುರುತು ಇಬ್ಬರಿಗೂ ಇಲ್ಲದೆ, ಒಂದು ಬಣ ಹಸು-ಕರುವಿನ ಗುರುತಿನಿಂದ, ಮತ್ತೊಂದು ಚರಕ ತಿರುಗಿಸುವ ಮಹಿಳೆಯ ಗುರುತಿನಿಂದ ಸ್ಪರ್ಧಿಸಬೇಕಾಯಿತು. ಸಾಧ್ಯವಾದರೆ ಇದನ್ನು ಗಾಜಿನ ಮನೆಯ ಮುಂದೆಯೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು. ಆ ಜನಸಂದಣಿಯಲ್ಲಿ ಹಿಂದಿನ ಸಾಲಿನ ಮಕ್ಕಳಿಗೆ ಮಾತು ಕೇಳಿಸುವುದಿಲ್ಲ.